ಲೋಗೋದಲ್ಲೇ ನಿಂತ ಫೋನಿಗೆ ಕಂಪ್ಯೂಟರಿನಿಂದ ಫರ್ಮ್‌ವೇರ್: ಫೋಟೋ ಉಳಿಯುವುದು ಯಾವಾಗ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಸಣ್ಣ ಅಡಿಕೆ ತೋಟ. ನನ್ನ ಫೋನು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ52ಎಸ್ 5ಜಿ. ಹೋದ ವಾರ ಸಾಫ್ಟ್‌ವೇರ್ ಅಪ್‌ಡೇಟ್ ಆಗುತ್ತಿದ್ದಾಗ ಮೊಮ್ಮಗ ಫೋನನ್ನು ಕೈಗೆತ್ತಿಕೊಂಡು ಪಕ್ಕದ ಬಟನ್‌ಗಳನ್ನು ಒತ್ತಿ ಹಿಡಿದುಬಿಟ್ಟ. ಅಂದಿನಿಂದ ಫೋನು ಲೋಗೋ ತೋರಿಸುತ್ತದೆ, ಆರಿಹೋಗುತ್ತದೆ, ಮತ್ತೆ ಲೋಗೋ ತೋರಿಸುತ್ತದೆ. ಪೇಟೆಯ ಅಂಗಡಿಯವರು ‘ಸಾಫ್ಟ್‌ವೇರ್ ಹೊಡೀಬೇಕು, ಡೇಟಾ ಎಲ್ಲ ಹೋಗುತ್ತೆ’ ಎಂದರು. ಮೂರು ವರ್ಷದ ಮಂಡಿ ಪಟ್ಟಿಗಳ ಫೋಟೋಗಳು ಅದರಲ್ಲೇ ಇವೆ, ಬೇರೆಲ್ಲೂ ತೆಗೆದಿಟ್ಟಿಲ್ಲ. ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಫೋಟೋ ಉಳಿಸಿಕೊಂಡು ನಾವೇ ಸರಿಮಾಡಿಕೊಳ್ಳಬಹುದೇ? ಬೆಂಗಳೂರಿನಲ್ಲಿರುವ ಮಗಳ ಐಫೋನಿಗೆ ಮುಂದೆಂದಾದರೂ ಹೀಗಾದರೆ ಇದೇ ಕ್ರಮವೇ?

ಉತ್ತರ: ಮಾಡಿಕೊಳ್ಳಬಹುದು, ಮತ್ತು ನೀವು ವಿವರಿಸಿದ ಸ್ಥಿತಿಯಲ್ಲಿ ಫೋಟೋಗಳು ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಅವು ಉಳಿಯುತ್ತವೆಯೋ ಇಲ್ಲವೋ ಎಂಬುದು ಕಂಪ್ಯೂಟರಿನಲ್ಲಿ ‘ಸ್ಟಾರ್ಟ್’ ಒತ್ತಿದ ಮೇಲೆ ನಡೆಯುವ ಕೆಲಸದಿಂದ ತೀರ್ಮಾನವಾಗುವುದಿಲ್ಲ, ಅದಕ್ಕೂ ಮೊದಲು ನೀವು ಯಾವ ಫೈಲನ್ನು ಆರಿಸಿಕೊಂಡಿರಿ ಎಂಬುದರಿಂದ ತೀರ್ಮಾನವಾಗುತ್ತದೆ. ಹಾಗಾಗಿ ಈ ಉತ್ತರದ ಬಹುಭಾಗ ಆ ಆಯ್ಕೆಯ ಬಗ್ಗೆಯೇ ಇದೆ. ಒತ್ತುವ, ಕಾಯುವ ಕೆಲಸ ಹತ್ತು ನಿಮಿಷದ್ದು.

ಮೊದಲಿಗೆ, ಆದದ್ದೇನು ಎಂಬುದನ್ನು ತಿಳಿಯೋಣ. ಫೋನಿನೊಳಗಿನ ಸಂಗ್ರಹವನ್ನು ಹಲವು ಭಾಗಗಳಾಗಿ ವಿಂಗಡಿಸಲಾಗಿರುತ್ತದೆ. ಫೋನನ್ನು ಎಬ್ಬಿಸುವ ಬೂಟ್‌ಲೋಡರ್ ಒಂದು ಭಾಗದಲ್ಲಿ, ಆಂಡ್ರಾಯ್ಡ್ ವ್ಯವಸ್ಥೆ ಇನ್ನೊಂದರಲ್ಲಿ, ಸಿಗ್ನಲ್ ನೋಡಿಕೊಳ್ಳುವ ಮೋಡೆಮ್ ತಂತ್ರಾಂಶ ಮತ್ತೊಂದರಲ್ಲಿ ಇದ್ದು, ನಿಮ್ಮ ಫೋಟೋ, ಆ್ಯಪ್, ಸಂದೇಶಗಳೆಲ್ಲ ‘ಯೂಸರ್‌ಡೇಟಾ’ ಎಂಬ ಪ್ರತ್ಯೇಕ ಭಾಗದಲ್ಲಿರುತ್ತವೆ. ಫರ್ಮ್‌ವೇರ್ ಎಂದು ಕರೆಯುವುದು ಮೊದಲಿನ ಭಾಗಗಳಲ್ಲಿರುವುದನ್ನು. ಅಪ್‌ಡೇಟ್ ನಡೆಯುವಾಗ ಹೊಸದನ್ನು ಬರೆಯುವುದು ಮುಖ್ಯವಾಗಿ ಆ ಭಾಗಗಳಿಗೇ. ಪವರ್ ಬಟನ್ ಮತ್ತು ಧ್ವನಿ ಕಡಿಮೆ ಮಾಡುವ ಬಟನ್ ಎರಡನ್ನೂ ಏಳೆಂಟು ಸೆಕೆಂಡು ಒತ್ತಿ ಹಿಡಿದರೆ ಸ್ಯಾಮ್‌ಸಂಗ್ ಫೋನು ಯಾರನ್ನೂ ಕೇಳದೆ ಮರುಪ್ರಾರಂಭವಾಗುತ್ತದೆ. ಸ್ತಬ್ಧವಾದ ಫೋನನ್ನು ಎಬ್ಬಿಸಲೆಂದು ಇಟ್ಟಿರುವ ಸೌಲಭ್ಯವದು. ನಿಮ್ಮ ಮೊಮ್ಮಗ ಅರಿಯದೆ ಅದನ್ನೇ ಬಳಸಿದ್ದಾನೆ, ವ್ಯವಸ್ಥೆಯ ಭಾಗ ಅರ್ಧ ಹಳೆಯದು ಅರ್ಧ ಹೊಸದಾಗಿ ಉಳಿದಿದೆ. ಮಾಡಿನ ಹಂಚು ಬದಲಿಸುತ್ತಿದ್ದಾಗ ಆಳುಗಳು ಅರ್ಧಕ್ಕೇ ಇಳಿದುಹೋದಂತೆ ಇದು. ಅಟ್ಟದ ಮೇಲಿನ ಅಡಿಕೆ ಮೂಟೆಗಳು ಇದ್ದಲ್ಲೇ ಇರಬೇಕು.

ಹಾಗಿದ್ದರೆ ಮೂಟೆಗಳನ್ನಷ್ಟೇ ಮೊದಲು ಇಳಿಸಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಅದು ಸಾಧ್ಯವಿಲ್ಲ. ಇಂದಿನ ಆಂಡ್ರಾಯ್ಡ್ ಫೋನುಗಳಲ್ಲಿ ಯೂಸರ್‌ಡೇಟಾ ಭಾಗ ಗೂಢಲಿಪಿಯಲ್ಲಿರುತ್ತದೆ. ಆಂಡ್ರಾಯ್ಡ್ 10ರೊಂದಿಗೆ ಬಂದ ಹೊಸ ಫೋನುಗಳಿಂದೀಚೆಗೆ ಇದು ಕಡ್ಡಾಯ, ನಿಮ್ಮದು ಆಂಡ್ರಾಯ್ಡ್ 11ರೊಂದಿಗೆ 2021ರಲ್ಲಿ ಬಂದ ಮಾದರಿ. ಅದನ್ನು ಬಿಡಿಸುವ ಕೀಲಿ ಆ ಫೋನಿನ ಚಿಪ್ಪಿಗೂ ನಿಮ್ಮ ಪಿನ್ ಅಥವಾ ಪ್ಯಾಟರ್ನ್‌ಗೂ ಕಟ್ಟುಬಿದ್ದಿರುವುದರಿಂದ, ಫೋನು ತಾನಾಗಿ ಎದ್ದು ನೀವು ಪಿನ್ ಕೊಟ್ಟ ಹೊರತು ಫೋಟೋಗಳು ಯಾರಿಗೂ ಓದಲು ಬರುವುದಿಲ್ಲ. ಮೆಮೊರಿ ಚಿಪ್ಪನ್ನೇ ಕಿತ್ತು ಬೇರೆ ಯಂತ್ರಕ್ಕೆ ಹಾಕಿದರೂ ಸಿಗುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಅದೇ ಕಾರಣಕ್ಕೆ, ಒಮ್ಮೆ ಫ್ಯಾಕ್ಟರಿ ರೀಸೆಟ್ ಆದರೆ ಹಳೆಯ ಕೀಲಿಯೂ ಅಳಿದುಹೋಗುತ್ತದೆ. ‘ಮೊದಲು ಎಲ್ಲ ಅಳಿಸಿ ಸರಿಮಾಡೋಣ, ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿ ಫೋಟೋ ತೆಗೆದುಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಫೋನನ್ನು ಅವರ ಕೈಗೆ ಕೊಡಬೇಡಿ. ಮೆಮೊರಿ ಕಾರ್ಡ್ ಹಾಕಿದ್ದರೆ ಅದರ ಕಥೆ ಬೇರೆ. ಅದನ್ನು ನೀವಾಗಿ ಎನ್‌ಕ್ರಿಪ್ಟ್ ಮಾಡಿಲ್ಲದಿದ್ದರೆ ಹೊರತೆಗೆದು ಲ್ಯಾಪ್‌ಟಾಪಿನಲ್ಲಿ ನೇರವಾಗಿ ನೋಡಬಹುದು. ಸಿಮ್ ಟ್ರೇ ತೆರೆದು ಅದನ್ನೂ ಸಿಮ್‌ಗಳನ್ನೂ ಈಗಲೇ ತೆಗೆದಿಡಿ.

ಅಂಗಡಿಯವರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆದರೆ ಫೋನು ಏಳುವುದು ಬಹುಮಟ್ಟಿಗೆ ಖಚಿತ, ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ, ಆಮೇಲೆ ‘ಆ ಒಂದು ಫೋಟೋ ಕಾಣುತ್ತಿಲ್ಲ’ ಎಂಬ ಜಗಳವೂ ಇರುವುದಿಲ್ಲ. ದಿನಕ್ಕೆ ಇಪ್ಪತ್ತು ಫೋನು ನೋಡುವವರಿಗೆ ಅದು ಸರಿಯಾದ ಲೆಕ್ಕಾಚಾರವೇ. ನಿಮ್ಮ ಲೆಕ್ಕ ಬೇರೆ. ಫೋನು ಇನ್ನೂ ವಾರಂಟಿಯಲ್ಲಿದ್ದರೆ ಅಧಿಕೃತ ಸೇವಾ ಕೇಂದ್ರಕ್ಕೆ ಹೋಗುವುದೇ ನೇರ ದಾರಿ; ಆದರೆ ಕೊಡುವ ಮುನ್ನ ‘ಡೇಟಾ ಉಳಿಸಿಯೇ ಮೊದಲು ಪ್ರಯತ್ನಿಸಿ, ಆಗದಿದ್ದರೆ ನನ್ನನ್ನು ಕೇಳದೆ ಅಳಿಸಬೇಡಿ’ ಎಂದು ಜಾಬ್ ಶೀಟಿನ ಮೇಲೆ ಬರೆಸಿಕೊಳ್ಳಿ.

ಕಂಪ್ಯೂಟರಿಗೆ ಕೈಹಾಕುವ ಮೊದಲು ಇನ್ನೂ ಒಂದು ವಿಷಯ ಖಚಿತಪಡಿಸಿಕೊಳ್ಳಬೇಕು, ಅದು ಫೋನಿನಲ್ಲಿರುವ ಜಿಮೇಲ್ ಖಾತೆ. ಆಂಡ್ರಾಯ್ಡ್ 5.1ರಿಂದ ಇರುವ ಎಫ್‌ಆರ್‌ಪಿ ಎಂಬ ರಕ್ಷಣೆಯಿಂದಾಗಿ, ರಿಕವರಿ ಪರದೆಯಿಂದಲೋ (ಬಟನ್‌ಗಳನ್ನು ಒತ್ತಿ ತೆರೆಯುವ ದುರಸ್ತಿಯ ಪಟ್ಟಿ) ಕಂಪ್ಯೂಟರಿನಿಂದಲೋ ಫೋನನ್ನು ಅಳಿಸಿದರೆ, ಎದ್ದ ಮೇಲೆ ಅದು ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡನ್ನು ಅಥವಾ ಹಳೆಯ ಪಿನ್ನನ್ನು ಕೇಳುತ್ತದೆ. ನಮ್ಮ ಊರುಗಳಲ್ಲಿ ಫೋನು ಕೊಂಡ ದಿನ ಅಂಗಡಿಯ ಹುಡುಗನೇ ಒಂದು ಜಿಮೇಲ್ ಮಾಡಿಕೊಟ್ಟು, ಪಾಸ್‌ವರ್ಡ್ ಏನೆಂದು ಅವನಿಗೂ ನೆನಪಿಲ್ಲದ, ನಮಗಂತೂ ಗೊತ್ತೇ ಇಲ್ಲದ ಪರಿಸ್ಥಿತಿ ಎಷ್ಟು ಸಾಮಾನ್ಯವೆಂದು ನಿಮಗೆ ಹೇಳಬೇಕಿಲ್ಲ. ನಾವು ಅಳಿಸದೆಯೇ ಮಾಡಲು ಹೊರಟಿದ್ದೇವೆ, ನಿಜ. ಆದರೆ ಕೊನೆಗೆ ಅಳಿಸಲೇಬೇಕಾಗಿ ಬಂದರೆ ಬೇಕಾದೀತು. ಸಿಮ್ ಅನ್ನು ಬೇರೆ ಫೋನಿಗೆ ಹಾಕಿ, ಗೂಗಲ್‌ನ ‘ಪಾಸ್‌ವರ್ಡ್ ಮರೆತಿರುವಿರಾ’ ಮೂಲಕ ಆ ಖಾತೆಯನ್ನು ಈಗಲೇ ವಶಕ್ಕೆ ತೆಗೆದುಕೊಳ್ಳಿ. ಯಾರಿಗೆ ಗೊತ್ತು, ಗೂಗಲ್ ಫೋಟೋಸ್ ನಿಮಗೆ ತಿಳಿಯದಂತೆಯೇ ಬ್ಯಾಕಪ್ ಮಾಡುತ್ತಿದ್ದು, ಮಂಡಿ ಪಟ್ಟಿಗಳು ಅಲ್ಲೇ ಕುಳಿತಿರಲೂಬಹುದು.

ಈಗ ಫೋನಿನ ಸ್ಥಿತಿಯನ್ನು ಪರೀಕ್ಷಿಸೋಣ. ಫೋನನ್ನು ಡೇಟಾ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಧ್ವನಿ ಕಡಿಮೆ ಮಾಡುವ ಬಟನ್ ಮತ್ತು ಪವರ್ ಬಟನ್ ಒತ್ತಿ ಹಿಡಿಯಿರಿ. ಪರದೆ ಕಪ್ಪಾದ ಕ್ಷಣವೇ ಬೆರಳನ್ನು ಧ್ವನಿ ಹೆಚ್ಚಿಸುವ ಬಟನ್ನಿಗೆ ಸರಿಸಿ, ಪವರ್ ಬಟನ್ ಜೊತೆಗೆ ಒತ್ತಿಕೊಂಡೇ ಇರಿ. ಎರಡು ಮೂರು ಪ್ರಯತ್ನ ಬೇಕಾಗಬಹುದು. ಕೇಬಲ್ ಜೋಡಿಸದೆ ಹೊಸ ಗ್ಯಾಲಕ್ಸಿಗಳು ರಿಕವರಿ ಪರದೆಗೆ ಹೋಗುವುದೇ ಇಲ್ಲ ಎಂಬುದು ತಿಳಿಯದೆ, ಬಟನ್ ಕೆಟ್ಟಿದೆಯೆಂದು ತೀರ್ಮಾನಿಸಿದವರನ್ನು ನಾನು ನೋಡಿದ್ದೇನೆ. ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಅಕ್ಷರಗಳ ‘ಆಂಡ್ರಾಯ್ಡ್ ರಿಕವರಿ’ ಪಟ್ಟಿ ಬಂದರೆ ಅದರ ತಲೆಯಲ್ಲಿರುವ ಮೂರು ನಾಲ್ಕು ಸಾಲುಗಳನ್ನು ಇನ್ನೊಂದು ಫೋನಿನಿಂದ ಫೋಟೋ ತೆಗೆದುಕೊಳ್ಳಿ. ಮಾದರಿಯ ಸಂಖ್ಯೆ ಮತ್ತು ಫರ್ಮ್‌ವೇರ್ ಆವೃತ್ತಿ ಎರಡೂ ಅಲ್ಲಿರುತ್ತವೆ. ಆಮೇಲೆ ಧ್ವನಿ ಬಟನ್‌ಗಳಿಂದ ಕೆಳಗಿಳಿದು ‘ವೈಪ್ ಕ್ಯಾಶ್ ಪಾರ್ಟಿಷನ್’ ಎಂಬುದನ್ನು ಆರಿಸಿ, ಪವರ್ ಬಟನ್ ಒತ್ತಿ ಒಪ್ಪಿಗೆ ಕೊಟ್ಟು, ‘ರೀಬೂಟ್ ಸಿಸ್ಟಮ್ ನೌ’ ಆರಿಸಿ. ತಾತ್ಕಾಲಿಕ ಕಡತಗಳಷ್ಟೇ ಅಳಿಯುತ್ತವೆ. ಅದೃಷ್ಟವಿದ್ದರೆ ಫೋನು ಇಲ್ಲಿಗೇ ಎದ್ದೀತು. ‘ವೈಪ್ ಡೇಟಾ/ಫ್ಯಾಕ್ಟರಿ ರೀಸೆಟ್’ ಎಂಬ ಸಾಲೂ ಅದೇ ಪಟ್ಟಿಯಲ್ಲಿ ಹತ್ತಿರದಲ್ಲೇ ಇರುತ್ತದೆ. ಕನ್ನಡಕ ಹಾಕಿಕೊಂಡು ಆರಿಸಿ.

ಏಳಲಿಲ್ಲವೆಂದರೆ ಫರ್ಮ್‌ವೇರ್ ಬೇಕು. ಯಾವ ಫರ್ಮ್‌ವೇರ್ ಎಂಬ ಪ್ರಶ್ನೆಗೆ ಮೂರು ಉತ್ತರಗಳು ಹೊಂದಬೇಕು: ಮಾದರಿ, ಪ್ರದೇಶ, ಆವೃತ್ತಿ. ಮಾದರಿ ಎಂದರೆ ‘ಎ52ಎಸ್’ ಎಂಬ ಮಾರಾಟದ ಹೆಸರಲ್ಲ. ಪೆಟ್ಟಿಗೆಯ ಮೇಲೆ ‘ಎಸ್‌ಎಂ’ ಎಂದು ಆರಂಭವಾಗುವ ಸಂಖ್ಯೆ. ನಿಮ್ಮದು ಎಸ್‌ಎಂ-ಎ528ಬಿ ಇರಬೇಕು. ಬರೀ ಎ52ರ, ಅಥವಾ ಎ52 5ಜಿಯ ಫರ್ಮ್‌ವೇರ್ ಇದಕ್ಕೆ ಆಗದು, ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸವಿದ್ದರೂ ಒಳಗಿನ ಚಿಪ್ಪೇ ಬೇರೆ. ಪ್ರದೇಶವನ್ನು ಸಿಎಸ್‌ಸಿ ಎಂಬ ಮೂರಕ್ಷರದ ಗುರುತಿನಿಂದ ಹೇಳುತ್ತಾರೆ. ಭಾರತದಲ್ಲಿ ಮಾರಿದ ಫೋನಿಗೆ ಅದು ‘ಐಎನ್‌ಎಸ್’. ಕರಾವಳಿಯ ಓದುಗರಲ್ಲಿ ಅನೇಕರ ಫೋನು ದುಬೈಯಿಂದ ಬಂದದ್ದಾಗಿರುತ್ತದೆ, ಅಂಥವರು ‘ಎಕ್ಸ್‌ಎಸ್‌ಜಿ’ ಹುಡುಕಬೇಕು.

ಆವೃತ್ತಿಯ ವಿಚಾರ ಸ್ವಲ್ಪ ಸೂಕ್ಷ್ಮ. ರಿಕವರಿ ಪರದೆಯಲ್ಲಿ ಕಂಡ ಆ ಉದ್ದನೆಯ ಸಂಖ್ಯೆಯ ಕೊನೆಯ ಐದು ಅಕ್ಷರಗಳನ್ನು ಬೇರ್ಪಡಿಸಿ ನೋಡಿ. ಉದಾಹರಣೆಗೆ ಅವು ‘5, ಡಿ, ಡಬ್ಲ್ಯು, ಜಿ, 1’ ಎಂದಿವೆ ಎಂದುಕೊಳ್ಳಿ. ಕೊನೆಯ 1 ಅದು ಆ ತಿಂಗಳು ತಯಾರಾದ ಎಷ್ಟನೆಯ ಪ್ರತಿ ಎಂಬುದನ್ನು ಹೇಳುತ್ತದೆ. ಅದರ ಹಿಂದಿನ ಜಿ ತಿಂಗಳು, ಎ ಎಂದರೆ ಜನವರಿಯಾದ್ದರಿಂದ ಜಿ ಜುಲೈ. ಡಬ್ಲ್ಯು ವರ್ಷ, ವಿ 2022, ಡಬ್ಲ್ಯು 2023, ಎಕ್ಸ್ 2024 ಹೀಗೆ ಸಾಗುತ್ತದೆ. ಡಿ ಎಂಬುದು ದೊಡ್ಡ ಆವೃತ್ತಿಯ ಗುರುತು. ನಮಗೆ ಮುಖ್ಯವಾದದ್ದು ಮೊದಲಿನ 5, ಕೊನೆಯಿಂದ ಎಣಿಸಿದರೆ ಐದನೆಯದು. ಅದು ಬೂಟ್‌ಲೋಡರ್‌ನ ಹಂತ. ಹಂತ ಏರಿದಂತೆ ಫೋನು ಅದನ್ನು ಚಿಪ್ಪಿನೊಳಗೆ ಮತ್ತೆ ಅಳಿಸಲಾಗದಂತೆ ದಾಖಲಿಸಿಕೊಳ್ಳುತ್ತದೆ, ಆಮೇಲೆ ಅದಕ್ಕಿಂತ ಕೆಳಗಿನ ಹಂತದ ಫರ್ಮ್‌ವೇರ್ ಕೊಟ್ಟರೆ ಸ್ವೀಕರಿಸುವುದಿಲ್ಲ. ಹಳೆಯ ಆವೃತ್ತಿಯ ದೋಷ ಬಳಸಿ ಕದ್ದ ಫೋನನ್ನು ಬಿಡಿಸಿಕೊಳ್ಳುವವರನ್ನು ತಡೆಯಲು ಮಾಡಿದ ಏರ್ಪಾಡು ಇದು. 9 ಮುಗಿದ ಮೇಲೆ ಎ, ಬಿ ಎಂದು ಅಕ್ಷರಗಳು ಬರುತ್ತವೆ, ಅವು 9ಕ್ಕಿಂತ ಮೇಲಿನವು.

ನಿಮ್ಮ ಫೋನಿನಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತಿರುವುದರಿಂದ ಬೂಟ್‌ಲೋಡರ್ ಹೊಸ ಹಂತಕ್ಕೆ ಏರಿದೆಯೋ ಇಲ್ಲವೋ ಹೊರಗಿನಿಂದ ಹೇಳಲಾಗದು. ಆದ್ದರಿಂದ ‘ಮುಂಚೆ ಚೆನ್ನಾಗಿತ್ತು, ಅದನ್ನೇ ಹಾಕೋಣ’ ಎಂಬ ಯೋಚನೆ ಬೇಡ. ನಿಮ್ಮ ಮಾದರಿಗೆ, ಐಎನ್‌ಎಸ್ ಪ್ರದೇಶಕ್ಕೆ ಇರುವ ಅತಿ ಹೊಸ ಆವೃತ್ತಿಯನ್ನೇ ಹಾಕಿ. ಇದಕ್ಕೆ ಇನ್ನೊಂದು ಕಾರಣವೂ ಇದೆ: ಹೊಸ ವ್ಯವಸ್ಥೆ ಹಳೆಯ ಡೇಟಾವನ್ನು ತನಗೆ ಹೊಂದಿಸಿಕೊಳ್ಳಬಲ್ಲದು, ಹಳೆಯ ವ್ಯವಸ್ಥೆ ಹೊಸ ಡೇಟಾವನ್ನು ಓದಲಾರದು. ಹಿಂದಕ್ಕೆ ಹೋದರೆ ಅಳಿಸದೆ ಗತಿಯಿರುವುದಿಲ್ಲ.

ಫರ್ಮ್‌ವೇರನ್ನು ಎಲ್ಲಿಂದ ಪಡೆಯುವುದು? ಸ್ಯಾಮ್‌ಸಂಗ್‌ನ ಸ್ಮಾರ್ಟ್ ಸ್ವಿಚ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ‘ಎಮರ್ಜೆನ್ಸಿ ಸಾಫ್ಟ್‌ವೇರ್ ರಿಕವರಿ’ ಎಂಬ ಸೌಲಭ್ಯವಿದ್ದು, ಅದು ಕೆಲವು ಮಾದರಿಗಳಿಗೆ ಮಾತ್ರ ಕೆಲಸ ಮಾಡುತ್ತದೆ. ನಿಮ್ಮ ಫೋನನ್ನು ಅದು ಗುರುತಿಸಿದರೆ ಅಳಿಸುವ ಎಚ್ಚರಿಕೆ ಇದೆಯೇ ಎಂದು ಓದಿ, ಇಲ್ಲವೆಂದಾದರೆ ಮಾತ್ರ ಮುಂದುವರಿಯಿರಿ. ಗುರುತಿಸದಿದ್ದರೂ ಅದನ್ನು ಹಾಕಿಕೊಂಡದ್ದು ವ್ಯರ್ಥವಲ್ಲ, ಏಕೆಂದರೆ ಫೋನಿಗೆ ಬೇಕಾದ ಯುಎಸ್‌ಬಿ ಡ್ರೈವರ್ ಅದರೊಂದಿಗೇ ಬರುತ್ತದೆ. ಬೈಫ್ರಾಸ್ಟ್ ಎಂಬ ತಂತ್ರಾಂಶ ಸ್ಯಾಮ್‌ಸಂಗ್‌ನ ಸರ್ವರಿನಿಂದಲೇ ಫೈಲನ್ನು ಇಳಿಸುತ್ತದೆ. ಸ್ಯಾಮ್‌ಮೊಬೈಲ್ ತಾಣದಲ್ಲಿಯೂ ಸಿಗುತ್ತದೆ, ಉಚಿತ ಖಾತೆಗೆ ವೇಗ ಕಡಿಮೆ.

ಇಲ್ಲಿ ಜನ ಸಾಮಾನ್ಯವಾಗಿ ತಪ್ಪು ಜಾಗದಲ್ಲಿ ಹೆದರುತ್ತಾರೆ. ಕಲಬೆರಕೆ ಫರ್ಮ್‌ವೇರ್ ಫೋನಿಗೆ ಸೇರಿಬಿಟ್ಟರೆ ಎಂಬ ಭಯ ನಿಮಗೆ ಬೇಕಿಲ್ಲ. ಫೈಲುಗಳಿಗೆ ಕಂಪನಿಯ ಡಿಜಿಟಲ್ ಸಹಿ ಇರುತ್ತದೆ, ಬೂಟ್‌ಲೋಡರ್ ಲಾಕ್ ಇರುವ ಫೋನು ಸಹಿ ಸರಿಯಿಲ್ಲದ್ದನ್ನು ತಿರಸ್ಕರಿಸುತ್ತದೆ. ಭಯಪಡಬೇಕಾದದ್ದು ಲ್ಯಾಪ್‌ಟಾಪಿನ ಬಗ್ಗೆ. ಬರೆಯಲು ಬಳಸುವ ‘ಓಡಿನ್’ ಎಂಬ ತಂತ್ರಾಂಶ ಸ್ಯಾಮ್‌ಸಂಗ್ ತನ್ನ ಒಳಬಳಕೆಗೆ ಮಾಡಿಕೊಂಡದ್ದು, ಸಾರ್ವಜನಿಕರಿಗೆ ಅಧಿಕೃತವಾಗಿ ಬಿಡುಗಡೆ ಮಾಡಿದ್ದಲ್ಲ. ಅಂತರ್ಜಾಲದಲ್ಲಿರುವುದೆಲ್ಲ ಸೋರಿಬಂದ ಪ್ರತಿಗಳು, ಆ ಹೆಸರಿನಲ್ಲಿ ವೈರಸ್ ಹಂಚುವವರಿಗೂ ಕೊರತೆಯಿಲ್ಲ. ನೆಟ್ ಬ್ಯಾಂಕಿಂಗ್ ಮಾಡುವ ಲ್ಯಾಪ್‌ಟಾಪ್ ಬಿಟ್ಟು, ಮೂಲೆಯಲ್ಲಿರುವ ಹಳೆಯದೊಂದನ್ನು ಈ ಕೆಲಸಕ್ಕೆ ಬಳಸುವುದು ನನ್ನ ಅಭ್ಯಾಸ. ಅಂಥದ್ದಿಲ್ಲದಿದ್ದರೆ ಇಳಿಸಿದ ತಕ್ಷಣ ಆಂಟಿವೈರಸ್‌ನಿಂದ ತಪಾಸಣೆ ಮಾಡಿಸಿ. ಆಂಟಿವೈರಸ್ ಆಫ್ ಮಾಡಿ ಎಂದು ಹೇಳುವ ತಾಣದಿಂದ ಏನನ್ನೂ ತೆಗೆದುಕೊಳ್ಳಬೇಡಿ.

ಫರ್ಮ್‌ವೇರ್‌ನ ಜಿಪ್ ಫೈಲು ಐದಾರು ಜಿಬಿ ಗಾತ್ರದ್ದು. ಮಲೆನಾಡಿನ ನೆಟ್‌ವರ್ಕಿನಲ್ಲಿ ಅದು ಇಳಿದು ಮುಗಿಯುವುದು ಕಷ್ಟವೆನಿಸಿದರೆ ಬೆಂಗಳೂರಿನ ಮಗಳಿಗೆ ಹೇಳಿ ಪೆನ್ ಡ್ರೈವಿನಲ್ಲಿ ತರಿಸಿಕೊಳ್ಳಿ. ಆದರೆ ಎಫ್‌ಎಟಿ32 ಕ್ರಮದಲ್ಲಿ ಫಾರ್ಮ್ಯಾಟ್ ಆದ ಪೆನ್ ಡ್ರೈವ್ 4 ಜಿಬಿಗಿಂತ ದೊಡ್ಡ ಒಂಟಿ ಫೈಲನ್ನು ಹಿಡಿಯದು, ಎಷ್ಟು ಜಾಗ ಖಾಲಿಯಿದ್ದರೂ ಅಷ್ಟೇ. ಎಕ್ಸ್‌ಫ್ಯಾಟ್ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿ ತುಂಬಿಸಲು ಹೇಳಿ. ಲ್ಯಾಪ್‌ಟಾಪಿನಲ್ಲಿ 20 ಜಿಬಿಯಾದರೂ ಜಾಗವಿರಲಿ.

ಜಿಪ್ ಬಿಡಿಸಿದಾಗ ಐದು ಫೈಲುಗಳು ಸಿಗುತ್ತವೆ. ಬಿಎಲ್ ಎಂದು ಆರಂಭವಾಗುವುದು ಬೂಟ್‌ಲೋಡರ್, ಎಪಿ ಆಂಡ್ರಾಯ್ಡ್ ವ್ಯವಸ್ಥೆ, ಸಿಪಿ ಮೋಡೆಮ್. ಉಳಿದ ಎರಡು ಪ್ರದೇಶಕ್ಕೆ ಸಂಬಂಧಿಸಿದವು, ಒಂದರ ಹೆಸರು ‘ಸಿಎಸ್‌ಸಿ’ ಎಂದೂ ಇನ್ನೊಂದರ ಹೆಸರು ‘ಹೋಮ್ ಸಿಎಸ್‌ಸಿ’ ಎಂದೂ ಆರಂಭವಾಗುತ್ತದೆ. ಮಾಡುವ ಕೆಲಸ ಎರಡರದ್ದೂ ಬಹುಪಾಲು ಒಂದೇ. ವ್ಯತ್ಯಾಸವೆಂದರೆ ಸಿಎಸ್‌ಸಿ ಹಾಕಿದರೆ ಫೋನು ಫ್ಯಾಕ್ಟರಿ ರೀಸೆಟ್ ಆಗುತ್ತದೆ, ಹೋಮ್ ಸಿಎಸ್‌ಸಿ ಹಾಕಿದರೆ ಡೇಟಾ ಹಾಗೆಯೇ ಉಳಿಯುತ್ತದೆ. ನಿಮ್ಮ ಮೂರು ವರ್ಷದ ಮಂಡಿ ಪಟ್ಟಿಗಳು ಈ ಒಂದು ಪದದ ಮೇಲೆ ನಿಂತಿವೆ.

ಕೆಲವು ವರ್ಷಗಳ ಹಿಂದೆ ನನ್ನ ಸೋದರತ್ತೆಯ ಫೋನನ್ನು ಸರಿಮಾಡಲು ಕುಳಿತಾಗ ಇದೇ ಜಾಗದಲ್ಲಿ ಎಡವಿದ್ದೆ. ಓಡಿನ್‌ನ ಕಿಟಕಿಯಲ್ಲಿ ನಾವು ಬಳಸಬೇಕಾದ ನಾಲ್ಕು ಬಟನ್‌ಗಳಿವೆ: ಬಿಎಲ್, ಎಪಿ, ಸಿಪಿ, ಸಿಎಸ್‌ಸಿ. ಮೊದಲ ಮೂರರಲ್ಲಿ ಬಟನ್ನಿನ ಹೆಸರಿನದೇ ಫೈಲನ್ನು ಹಾಕುತ್ತಾ ಬಂದ ಕೈ, ನಾಲ್ಕನೆಯದರಲ್ಲೂ ಅದೇ ಹೆಸರಿನ ಫೈಲಿಗೆ ತಾನಾಗಿ ಹೋಗುತ್ತದೆ. ಅಕಾರಾದಿಯಲ್ಲಿ ಸಿಪಿಯ ಕೆಳಗೇ ಸಿಎಸ್‌ಸಿ ಕುಳಿತಿರುತ್ತದೆ, ಹೋಮ್ ಸಿಎಸ್‌ಸಿ ಎಲ್ಲಕ್ಕಿಂತ ಕೆಳಗೆ. ಹಾಕಿದೆ, ಹಸಿರು ಬಂತು, ಫೋನು ಭಾಷೆ ಯಾವುದೆಂದು ಕೇಳುತ್ತಾ ಎದ್ದಿತು. ಮಗಳ ಸೀಮಂತದ ಫೋಟೋಗಳು ಹೋಗಿದ್ದವು. ಅತ್ತೆ ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಅಂದಿನಿಂದ ನಾನು ಜಿಪ್ ಬಿಡಿಸಿದ ಕೂಡಲೇ ಸಿಎಸ್‌ಸಿ ಫೈಲನ್ನು ಆ ಫೋಲ್ಡರಿನಿಂದಲೇ ಆಚೆ ಹಾಕುತ್ತೇನೆ. ನೀವೂ ಹಾಗೆಯೇ ಮಾಡಿ. ಕಣ್ಣೆದುರು ಇಲ್ಲದ ಫೈಲನ್ನು ಕೈ ಆರಿಸಲಾರದು. ಉಳಿದ ನಾಲ್ಕು ಫೈಲುಗಳ ಹೆಸರು ‘ಟಾರ್ ಡಾಟ್ ಎಂಡಿ5’ ಎಂದು ಕೊನೆಗೊಳ್ಳುತ್ತದೆ, ಅವನ್ನು ಮತ್ತೆ ಬಿಡಿಸಲು ಹೋಗಬೇಡಿ, ಹಾಗೆಯೇ ಬಳಸಬೇಕು.

ಇನ್ನು ಬರೆಯುವ ಕೆಲಸ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ; ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಈ ಕೆಲಸ ಹಿಡಿದು ನಡುವೆ ಕರೆಂಟು ಹೋದರೆ ಮೊಮ್ಮಗ ಮಾಡಿದ್ದೇ ಮರುಕಳಿಸುತ್ತದೆ. ರಿಕವರಿ ಪಟ್ಟಿಯಲ್ಲಿರುವ ‘ಪವರ್ ಆಫ್’ ಆರಿಸಿ, ಫೋನನ್ನು ಚಾರ್ಜರಿಗೆ ಹಾಕಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಮಾಡಿಕೊಳ್ಳಿ. ಕೇಬಲ್ ಫೋನಿನ ಜೊತೆಗೆ ಬಂದದ್ದೇ ಆಗಿರಲಿ, ಏಕೆಂದರೆ ಸಂತೆಯಲ್ಲಿ ಸಿಗುವ ಎಷ್ಟೋ ಕೇಬಲ್‌ಗಳಲ್ಲಿ ಚಾರ್ಜಿನ ತಂತಿ ಮಾತ್ರವಿದ್ದು ಡೇಟಾದ ತಂತಿಯೇ ಇರುವುದಿಲ್ಲ. ಸ್ಮಾರ್ಟ್ ಸ್ವಿಚ್ ತೆರೆದಿದ್ದರೆ ಮುಚ್ಚಿ, ಓಡಿನ್ ತೆರೆಯಿರಿ.

ಫೋನನ್ನು ‘ಡೌನ್‌ಲೋಡ್ ಮೋಡ್’ಗೆ ತರಲು, ಆಫ್ ಆಗಿರುವ ಫೋನಿನ ಎರಡೂ ಧ್ವನಿ ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಲ್ಯಾಪ್‌ಟಾಪಿಗೆ ಈಗಾಗಲೇ ಜೋಡಿಸಿರುವ ಕೇಬಲ್‌ನ ಇನ್ನೊಂದು ತುದಿಯನ್ನು ಫೋನಿಗೆ ಚುಚ್ಚಬೇಕು. ನೀಲಿ ಛಾಯೆಯ ಎಚ್ಚರಿಕೆಯ ಪರದೆ ಬರುತ್ತದೆ. ಧ್ವನಿ ಹೆಚ್ಚಿಸುವ ಬಟನ್ ಒಮ್ಮೆ ಒತ್ತಿದರೆ ‘ಡೌನ್‌ಲೋಡಿಂಗ್’ ಎಂದು ಕಾಣಿಸುತ್ತದೆ. ಇಂಟರ್‌ನೆಟ್‌ನಿಂದ ಅದೇನೂ ಇಳಿಸಿಕೊಳ್ಳುತ್ತಿಲ್ಲ, ನಿಮಗಾಗಿ ಕಾಯುತ್ತಿದೆ, ಅಷ್ಟೇ. ಓಡಿನ್‌ನಲ್ಲಿ ಒಂದು ಚೌಕ ನೀಲಿಯಾಗಿ, ಕೆಳಗಿನ ದಾಖಲೆಯಲ್ಲಿ ‘ಆ್ಯಡೆಡ್’ ಎಂದು ಬಂದರೆ ಸಂಪರ್ಕವಾಗಿದೆ. ಬಾರದಿದ್ದರೆ ಕೇಬಲ್, ಪೋರ್ಟ್, ಡ್ರೈವರ್ ಇದೇ ಕ್ರಮದಲ್ಲಿ ಅನುಮಾನಿಸಿ.

ನಾಲ್ಕು ಬಟನ್‌ಗಳಿಗೆ ನಾಲ್ಕು ಫೈಲುಗಳನ್ನು ತೋರಿಸಿ, ಸಿಎಸ್‌ಸಿ ಬಟನ್ನಿಗೆ ಹೋಮ್ ಸಿಎಸ್‌ಸಿ. ಎಪಿ ಫೈಲು ತೋರಿಸಿದಾಗ ಓಡಿನ್ ಕೆಲವು ನಿಮಿಷ ಕಲ್ಲಾಗಿ ಕೂರುತ್ತದೆ, ವಿಂಡೋಸ್ ‘ನಾಟ್ ರೆಸ್ಪಾಂಡಿಂಗ್’ ಎಂದೂ ಹೇಳಬಹುದು. ಅದು ಆ ದೊಡ್ಡ ಫೈಲಿನಲ್ಲಿ ದೋಷವಿದೆಯೇ ಎಂದು ತಾಳೆ ನೋಡುತ್ತಿರುತ್ತದೆ, ಮುಚ್ಚದೆ ಕಾಯಿರಿ. ಐದನೆಯ ‘ಯೂಸರ್‌ಡೇಟಾ’ ಬಟನ್ನಿನ ತಂಟೆಗೆ ಹೋಗಬೇಡಿ. ‘ಆಪ್ಷನ್ಸ್’ ಹಾಳೆಯಲ್ಲಿ ‘ಆಟೋ ರೀಬೂಟ್’ ಮತ್ತು ‘ಎಫ್. ರೀಸೆಟ್ ಟೈಮ್’ ಎರಡಕ್ಕೆ ಮಾತ್ರ ಗುರುತಿರಲಿ. ಎರಡನೆಯದರ ಹೆಸರು ಕೇಳಿ ಹೆದರಬೇಡಿ, ಅದು ಬರೆಯಲು ಹಿಡಿದ ಸಮಯದ ಎಣಿಕೆಯನ್ನು ಸೊನ್ನೆಗೆ ತರುತ್ತದೆಯೇ ಹೊರತು ಫೋನನ್ನಲ್ಲ. ‘ರೀ-ಪಾರ್ಟಿಷನ್’ ಮತ್ತು ‘ನ್ಯಾಂಡ್ ಇರೇಸ್’ ಇವೆರಡಕ್ಕೆ ಗುರುತು ಹಾಕಲೇಬಾರದು. ಫೋನಿನ ಐಎಂಇಐ (ಪ್ರತಿ ಫೋನಿಗೂ ಬೇರೆಯಾದ ಗುರುತಿನ ಸಂಖ್ಯೆ) ಇರುವ ಭಾಗ ಅಳಿದುಹೋದರೆ ಫೋನು ಎದ್ದರೂ ಸಿಗ್ನಲ್ ಬರುವುದಿಲ್ಲ; ಆಗ ‘ಐಎಂಇಐ ಬರೆದುಕೊಡುತ್ತೇವೆ’ ಎನ್ನುವವರ ಬಳಿ ಹೋಗಬೇಕಾಗುತ್ತದೆ, ಐಎಂಇಐ ತಿದ್ದುವುದು ನಮ್ಮ ದೇಶದಲ್ಲಿ ಶಿಕ್ಷಾರ್ಹ ಅಪರಾಧ.

ಈಗ ‘ಸ್ಟಾರ್ಟ್’. ದಾಖಲೆಯಲ್ಲಿ ಸಾಲುಗಳು ಓಡುತ್ತವೆ, ಫೋನಿನಲ್ಲಿ ಪಟ್ಟಿಯೊಂದು ತುಂಬುತ್ತಾ ಹೋಗುತ್ತದೆ. ಹತ್ತು ನಿಮಿಷದ ಹೊತ್ತಿಗೆ ಹಸಿರು ಬಣ್ಣದಲ್ಲಿ ‘ಪಾಸ್’ ಎಂದು ಬಂದು ಫೋನು ತಾನಾಗಿ ಮರುಪ್ರಾರಂಭವಾಗುತ್ತದೆ. ಮೊದಲ ಸಲ ಏಳಲು ಹದಿನೈದು ನಿಮಿಷ ತೆಗೆದುಕೊಂಡರೂ ಆಶ್ಚರ್ಯವಿಲ್ಲ, ಲೋಗೋ ಮಿನುಗುತ್ತಿದ್ದರೆ ಮುಟ್ಟಬೇಡಿ.

ಕೆಂಪಿನಲ್ಲಿ ‘ಫೇಲ್’ ಬಂದರೆ ಫೋನು ಸತ್ತಿತೆಂದು ಎದೆಗುಂದಬೇಕಿಲ್ಲ, ಡೌನ್‌ಲೋಡ್ ಮೋಡ್ ಜೀವಂತವಿರುವವರೆಗೆ ಮತ್ತೆ ಪ್ರಯತ್ನಿಸಬಹುದು. ಫೋನಿನ ಪರದೆಯ ಮೂಲೆಯಲ್ಲಿರುವ ಸಣ್ಣ ಅಕ್ಷರಗಳನ್ನು ಓದಿ. ‘ಎಸ್‌ಡಬ್ಲ್ಯು ರೆವ್ ಚೆಕ್ ಫೇಲ್, ಡಿವೈಸ್ 5, ಬೈನರಿ 4’ ಎಂಬಂತಿದ್ದರೆ ಫೋನಿನ ಹಂತ 5, ನೀವು ಕೊಟ್ಟದ್ದು 4ರದು. ಹೊಸ ಆವೃತ್ತಿ ತನ್ನಿ. ದಾಖಲೆ ‘ಗೆಟ್ ಪಿಟ್ ಫಾರ್ ಮ್ಯಾಪಿಂಗ್’ ಅಥವಾ ‘ಸೆಟಪ್ ಕನೆಕ್ಷನ್’ ಎಂಬಲ್ಲೇ ನಿಂತರೆ ಬಹುತೇಕ ಕೇಬಲ್ಲಿನ ದೋಷ. ಪೋರ್ಟ್ ಬದಲಿಸಿ, ಯುಎಸ್‌ಬಿ ಹಬ್ ಇದ್ದರೆ ತೆಗೆದು, ಫೋನನ್ನು ಮತ್ತೆ ಡೌನ್‌ಲೋಡ್ ಮೋಡ್‌ಗೆ ತಂದು ಮೊದಲಿನಿಂದ ಆರಂಭಿಸಿ. ಎಲ್ಲ ಅಧಿಕೃತ ಫೈಲುಗಳೇ ಆಗಿರುವುದರಿಂದ ಅನಧಿಕೃತ ತಂತ್ರಾಂಶ ಹಾಕಿದ್ದನ್ನು ದಾಖಲಿಸುವ, ವಾರಂಟಿಗೆ ಸಂಬಂಧಿಸಿದ ನಾಕ್ಸ್ ಗುರುತು ಇದರಿಂದ ಬದಲಾಗುವುದಿಲ್ಲ.

‘ಪಾಸ್’ ಬಂದೂ ಫೋನು ಲೋಗೋದಲ್ಲೇ ಸುತ್ತುತ್ತಿದ್ದರೆ? ಆಗ ತೊಂದರೆ ಯೂಸರ್‌ಡೇಟಾ ಭಾಗಕ್ಕೂ ತಾಗಿದೆ ಎಂದರ್ಥ. ರಿಕವರಿಗೆ ಹೋಗಿ ಮತ್ತೊಮ್ಮೆ ಕ್ಯಾಶ್ ಅಳಿಸಿ, ಅಲ್ಲೇ ‘ರಿಪೇರ್ ಆ್ಯಪ್ಸ್’ ಎಂಬುದಿದ್ದರೆ ಅದನ್ನೂ ಮಾಡಿ ನೋಡಿ. ಎರಡರಿಂದಲೂ ಫೋಟೋಗಳಿಗೆ ಅಪಾಯವಿಲ್ಲ. ಅದೂ ಆಗದಿದ್ದರೆ ಉಳಿಯುವುದು ಫ್ಯಾಕ್ಟರಿ ರೀಸೆಟ್ ಒಂದೇ. ಆ ನಿರ್ಧಾರವನ್ನು ಅದೇ ದಿನ ರಾತ್ರಿ ತೆಗೆದುಕೊಳ್ಳಬೇಡಿ. ಮಂಡಿಯವರ ಬಳಿ ನಿಮ್ಮ ಹಳೆಯ ಪಟ್ಟಿಗಳ ಪ್ರತಿ ಸಿಗುತ್ತದೆಯೇ, ಯಾರಿಗಾದರೂ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದಿರಾ ಎಂದು ವಿಚಾರಿಸಿ, ಆಮೇಲೆ ಮಾಡಿ.

ಫೋನು ಎದ್ದು ನಿಮ್ಮ ಪಿನ್ ಕೇಳಿತೆಂದರೆ ಗೆದ್ದಿರಿ. ಮೊದಲ ಸಲ ಬೆರಳಚ್ಚು ನಡೆಯುವುದಿಲ್ಲ, ಪಿನ್ನೇ ಬೇಕು. ಆ್ಯಪ್‌ಗಳನ್ನು ತೆರೆದು ನೋಡುವ ಮೊದಲು, ಇನ್ನೂ ಜೋಡಿಸಿಯೇ ಇರುವ ಕೇಬಲ್‌ನಿಂದ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಇಳಿಸಿ: ಫೋನಿನ ನೋಟಿಫಿಕೇಷನ್ ಎಳೆದು ಯುಎಸ್‌ಬಿಯನ್ನು ‘ಫೈಲ್ ಟ್ರಾನ್ಸ್‌ಫರ್’ಗೆ ಬದಲಿಸಿದರೆ ‘ಡಿಸಿಐಎಂ’ ಎಂಬ ಫೋಲ್ಡರ್ ಕಾಣುತ್ತದೆ, ಅದನ್ನು ಇಡಿಯಾಗಿ ನಕಲು ಮಾಡಿ. ವಾಟ್ಸ್‌ಆ್ಯಪಿನಲ್ಲಿ ಬಂದ ಪಟ್ಟಿಗಳು ಬೇರೆಡೆ, ‘ಆಂಡ್ರಾಯ್ಡ್’ ಫೋಲ್ಡರಿನ ಒಳಗಿನ ‘ಮೀಡಿಯಾ’ದಲ್ಲಿ ಇರುತ್ತವೆ, ಅದನ್ನೂ ಬಿಡಬೇಡಿ. ಬಳಿಕ ಸಿಮ್ ಹಾಕಿ, *#06# ಒತ್ತಿ, ಬರುವ ಐಎಂಇಐಯನ್ನು ಪೆಟ್ಟಿಗೆಯ ಮೇಲಿನದರೊಂದಿಗೆ ಹೋಲಿಸಿ.

ಇದನ್ನೆಲ್ಲ ಓದಿ ರೆಡ್ಮಿ ಇಟ್ಟುಕೊಂಡವರು ಓಡಿನ್ ಹುಡುಕಬಾರದು, ಅದು ಸ್ಯಾಮ್‌ಸಂಗ್‌ಗೆ ಮಾತ್ರ. ಅವರಿಗಿರುವ ಮಿ ಫ್ಲ್ಯಾಶ್ ತಂತ್ರಾಂಶದ ಕೆಳಗಿನ ಅಂಚಿನಲ್ಲಿ ಮೂರು ಆಯ್ಕೆಗಳಿದ್ದು, ತಾನಾಗಿ ಆರಿಸಿಕೊಂಡಿರುವುದು ‘ಕ್ಲೀನ್ ಆಲ್ ಆ್ಯಂಡ್ ಲಾಕ್’, ಅಂದರೆ ಎಲ್ಲವನ್ನೂ ಅಳಿಸಿ ಬೂಟ್‌ಲೋಡರಿಗೆ ಬೀಗ ಹಾಕುವುದು. ಚೀನಾದಲ್ಲಿ ಮಾರಲೆಂದು ಮಾಡಿದ ಫೋನಿಗೆ ಬೇರೆ ಪ್ರದೇಶದ ಫರ್ಮ್‌ವೇರ್ ಹಾಕಿ ಹೀಗೆ ಬೀಗ ಜಡಿದರೆ ಫೋನು ಏಳಲು ನಿರಾಕರಿಸುತ್ತದೆ. ಬೂಟ್‌ಲೋಡರ್ ಮೊದಲೇ ಲಾಕ್ ಆಗಿರುವ ಫೋನಿಗಂತೂ ಈ ದಾರಿ ತೆರೆಯುವುದೇ ಇಲ್ಲ, ಸೇವಾ ಕೇಂದ್ರಕ್ಕೇ ಹೋಗಬೇಕು.

ಮಗಳ ಐಫೋನಿಗೆ ಕ್ರಮ ಬೇರೆ, ಮತ್ತು ಬಹಳ ಸರಳ. ಫೈಲು ಹುಡುಕುವ ಪ್ರಮೇಯವೇ ಅಲ್ಲಿಲ್ಲ, ಏಕೆಂದರೆ ಕಂಪ್ಯೂಟರ್ ಆ್ಯಪಲ್‌ನ ಸರ್ವರನ್ನು ಸಂಪರ್ಕಿಸಿ ಆ ಹೊತ್ತಿಗೆ ಅನುಮತಿಯಿರುವ ಆವೃತ್ತಿಯನ್ನು ತಾನೇ ತರಿಸಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ‘ಆ್ಯಪಲ್ ಡಿವೈಸಸ್’ ಅಥವಾ ಐಟ್ಯೂನ್ಸ್, ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾದಿಂದೀಚೆಗೆ ಫೈಂಡರ್ ಈ ಕೆಲಸ ಮಾಡುತ್ತವೆ. ಐಫೋನ್ 8 ಮತ್ತು ನಂತರದವುಗಳಲ್ಲಿ ಕೇಬಲ್ ಜೋಡಿಸಿ, ಧ್ವನಿ ಹೆಚ್ಚಿಸುವ ಬಟನ್ ಒತ್ತಿ ಬಿಟ್ಟು, ಕಡಿಮೆ ಮಾಡುವ ಬಟನ್ ಒತ್ತಿ ಬಿಟ್ಟು, ಪಕ್ಕದ ಬಟನ್ನನ್ನು ಕಂಪ್ಯೂಟರ್ ಮತ್ತು ಕೇಬಲ್‌ನ ಚಿತ್ರ ಬರುವವರೆಗೆ ಹಿಡಿದಿರಬೇಕು. ನಡುವೆ ಆ್ಯಪಲ್ ಲೋಗೋ ಬಂತೆಂದು ಕೈ ಬಿಡಬಾರದು. ಕಂಪ್ಯೂಟರಿನಲ್ಲಿ ‘ಅಪ್‌ಡೇಟ್’ ಮತ್ತು ‘ರಿಸ್ಟೋರ್’ ಎಂಬ ಎರಡು ಆಯ್ಕೆಗಳು ಬರುತ್ತವೆ. ಅಪ್‌ಡೇಟ್ ಡೇಟಾವನ್ನು ಉಳಿಸಿ ವ್ಯವಸ್ಥೆಯನ್ನಷ್ಟೇ ಮರಳಿ ಹಾಕುತ್ತದೆ, ರಿಸ್ಟೋರ್ ಎಲ್ಲವನ್ನೂ ಅಳಿಸುತ್ತದೆ. ಅಪ್‌ಡೇಟ್ ಒತ್ತಲು ಹೇಳಿ. ಡೌನ್‌ಲೋಡ್ 15 ನಿಮಿಷ ಮೀರಿದರೆ ಫೋನು ರಿಕವರಿ ಪರದೆಯಿಂದ ತಾನಾಗಿ ಹೊರಬರುತ್ತದೆ. ಆಗ ಡೌನ್‌ಲೋಡನ್ನು ನಿಲ್ಲಿಸದೆ ಮುಗಿಯಲು ಬಿಟ್ಟು, ಬಟನ್‌ಗಳ ಕ್ರಮವನ್ನು ಮತ್ತೊಮ್ಮೆ ಮೊದಲಿನಿಂದ ಮಾಡಿದರಾಯಿತು.